ಗಿನಿಪಿಗ್ ಸಾಕಲು ಮಗಳಿಗೆ ಒಪ್ಪಿಗೆ ಕೊಡುವ ಮುನ್ನ

ಒಲ್ಲದ ಅಪ್ಪ:

ನಮ್ಮ ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಮೂರು. ಮನೆಯಲ್ಲೊಂದು ಪುಟ್ಟ ಪ್ರಾಣಿ ಇರಬೇಕೆಂಬ ಮಗಳ ಆಸೆಗೆ ನಾನು ಬಹುಕಾಲದಿಂದ ಅಡ್ಡ ನಿಂತಿದ್ದೇನೆ. ಅವಳ ತಾಯಿಗೆ ಅಭ್ಯಂತರವಿಲ್ಲ. ಆದರೆ ನಾನು ಮನಸಾರೆ ಒಪ್ಪದೆ ಯಾವ ಜೀವವನ್ನೂ ಮನೆಗೆ ತರುವುದು ಬೇಡವೆಂದು ಹೇಳಿ ತೀರ್ಮಾನವನ್ನು ನನ್ನ ತಲೆಗೇ ಕಟ್ಟಿದ್ದಾಳೆ. ನನಗೆ ಪ್ರಾಣಿಗಳೆಂದರೆ ಆಗದು ಎಂದೇನೂ ಇಲ್ಲ. ಮನೆಯೊಳಗೆ ಸೇರಿಕೊಳ್ಳುವ ವಾಸನೆ, ನಾಲ್ಕು ದಿನ ಎಲ್ಲಿಗಾದರೂ ಹೋಗಬೇಕಾದರೆ ಅದನ್ನು ಯಾರಿಗೆ ಒಪ್ಪಿಸುವುದೆಂಬ ಚಿಂತೆ, ಆಗಾಗ ಉಬ್ಬಸದಿಂದ ಬಳಲುವ ಚಿಕ್ಕ ಮಗ, ಇವೆಲ್ಲ ಇವೆ; ಇವೆಲ್ಲಕ್ಕಿಂತ ಹೆಚ್ಚಾಗಿ, ಹೊಸತರ ಹುರುಪು ಇಳಿದ ಮೇಲೆ ಗೂಡು ತೊಳೆಯುವ ಕೆಲಸ ನನ್ನ ಪಾಲಿಗೇ ಬರುತ್ತದೆಂಬ ಖಾತ್ರಿ ನನಗಿದೆ.

ಮೊದಲು ಅವಳು ಹ್ಯಾಮ್‌ಸ್ಟರ್ ಬೇಕೆಂದಳು, ಆಮೇಲೆ ಮೊಲವೆಂದಳು, ಈಗ ಮನಸ್ಸು ಗಿನಿಪಿಗ್‌ಗಳ ಮೇಲೆ ನಿಂತಿದೆ. ತಾನೇ ದಿನವೂ ಮೇವು ಹಾಕುವುದಾಗಿಯೂ, ನೀರು ಬದಲಿಸುವುದಾಗಿಯೂ, ಗೂಡು ಗುಡಿಸುವುದಾಗಿಯೂ ಒಂದು ಕರಾರು ಪತ್ರ ಬರೆದು, ಸಹಿ ಮಾಡಿ, ನನ್ನ ಬೀರುವಿನ ಬಾಗಿಲಿಗೆ ಅಂಟಿಸಿದ್ದಾಳೆ. ಅದನ್ನು ನೋಡಿದ ಮೇಲೆ ನನ್ನ ಹಠ ತುಸು ಸಡಿಲವಾಗಿರುವುದು ನಿಜ. ಆ ಕರಾರನ್ನು ನಂಬಬಹುದೇ? ಈ ಮೂರರಲ್ಲಿ ಮಕ್ಕಳಿರುವ ಮನೆಗೆ ಯಾವುದು ಹೊಂದುತ್ತದೆ? ಸಾಕಿ ಬಲ್ಲವರು ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದು ಕೋರುತ್ತೇನೆ.

ಹಳೆಯ ಕೈ:

ಒಲ್ಲದ ಅಪ್ಪನವರೇ, ಆ ಕರಾರು ಪತ್ರವನ್ನು ಜೋಪಾನವಾಗಿ ಎತ್ತಿಡಿ, ಆದರೆ ಅದರ ಆಧಾರದ ಮೇಲೆ ತೀರ್ಮಾನ ಮಾಡಬೇಡಿ. ಮಗಳು ಸುಳ್ಳು ಹೇಳುತ್ತಿದ್ದಾಳೆಂದು ನಾನು ಹೇಳುತ್ತಿಲ್ಲ. ಸಹಿ ಹಾಕಿದ ಹೊತ್ತಿಗೆ ಅವಳ ಮಾತು ನೂರಕ್ಕೆ ನೂರು ಪ್ರಾಮಾಣಿಕ. ತೊಡಕಿರುವುದು ಕಾಲದ ಲೆಕ್ಕದಲ್ಲಿ. ಗಿನಿಪಿಗ್ 5ರಿಂದ 8 ವರ್ಷ ಬದುಕುತ್ತದೆ, ಚೆನ್ನಾಗಿ ಸಾಕಿದ ಮೊಲ 8ರಿಂದ 12 ವರ್ಷ. ಇಂದು ಒಂಬತ್ತರ ಹುಡುಗಿ ಆ ಗಿನಿಪಿಗ್ ಮುದಿಯಾಗುವ ಹೊತ್ತಿಗೆ ಹದಿನೈದು, ಹದಿನಾರರವಳಾಗಿ, ಪರೀಕ್ಷೆ, ಗೆಳತಿಯರು, ತನ್ನದೇ ಲೋಕ ಎಂದು ಮುಳುಗಿರುತ್ತಾಳೆ. ಮೊಲವಾದರೆ ಅವಳು ಓದಲು ಮನೆ ಬಿಟ್ಟು ಹೋದ ಮೇಲೂ ನಿಮ್ಮೊಂದಿಗೇ ಉಳಿಯುತ್ತದೆ. ಹದಿನಾರರ ತನ್ನ ಪರವಾಗಿ ಒಂಬತ್ತರಲ್ಲೇ ಮಾತು ಕೊಡುವುದು ಯಾವ ಮಗುವಿನಿಂದಲೂ ಆಗದು. ದೊಡ್ಡವರಿಗೇ ಅದು ಕಷ್ಟ.

ಹಾಗಾಗಿ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಮಗಳು ನಾಳೆಯಿಂದಲೇ ಆ ಕಡೆ ತಿರುಗಿ ನೋಡದಿದ್ದರೂ, ಗೊಣಗುತ್ತಲಾದರೂ ಸರಿ, ಆ ಜೀವಗಳನ್ನು ಕೊನೆಯವರೆಗೆ ನೀವೋ ನಿಮ್ಮ ಮನೆಯವರೋ ನೋಡಿಕೊಳ್ಳುವಿರಾ? ಹೌದೆನ್ನುವುದಾದರೆ ಒಪ್ಪಿಕೊಳ್ಳಿ. ಇಲ್ಲವಾದರೆ ಖಡಾಖಂಡಿತವಾಗಿ ಇಲ್ಲವೆನ್ನಿ. ಮಕ್ಕಳು ಅದನ್ನು ತಾಳಿಕೊಳ್ಳುತ್ತಾರೆ. ‘ನೀನು ಗೂಡು ಗುಡಿಸದಿದ್ದರೆ ಯಾರಿಗಾದರೂ ಕೊಟ್ಟುಬಿಡುತ್ತೇನೆ’ ಎಂಬ ಷರತ್ತಿನ ಮೇಲೆ ಮಾತ್ರ ತರಬೇಡಿ. ಮಗುವಿನ ಸೋಮಾರಿತನಕ್ಕೆ ಮೂಕ ಪ್ರಾಣಿಯನ್ನು ಒತ್ತೆಯಿಟ್ಟ ಹಾಗಾಗುತ್ತದೆ. ಅದರಿಂದ ಮಗು ಕಲಿಯುವುದೇನಿದ್ದರೂ, ಬೇಡವಾದ ಜೀವವನ್ನು ಬೇರೆಯವರಿಗೆ ದಾಟಿಸಿಬಿಡಬಹುದು ಎಂಬುದನ್ನೇ.

ಪಶುವೈದ್ಯೆ:

ಹಳೆಯ ಕೈಯವರ ಮಾತಿಗೆ ನನ್ನ ಸಹಮತವಿದೆ. ಯಾವ ಪ್ರಾಣಿ ಎಂಬ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ. ಪ್ರಾಣಿ ಚಿಕ್ಕದಾದಷ್ಟೂ ಮಕ್ಕಳಿಗೆ ಸುಲಭ ಎಂಬ ಎಣಿಕೆಯಿಂದಲೇ ಹೆಚ್ಚಿನ ತಂದೆತಾಯಂದಿರು ಮಾತು ಶುರುಮಾಡುತ್ತಾರೆ. ವೃತ್ತಿಯಲ್ಲಿ ನಾನು ನೋಡಿರುವುದು ಅದಕ್ಕೆ ತಿರುವುಮುರುವು.

ಹ್ಯಾಮ್‌ಸ್ಟರ್ ಇರುಳು ಎಚ್ಚರವಿದ್ದು ಹಗಲು ಮಲಗುವ ಪ್ರಾಣಿ. ಶಾಲೆಯಿಂದ ಬಂದ ಮಗು ಆಸೆಯಿಂದ ಅದನ್ನು ಗೂಡಿನಿಂದ ಎತ್ತುವ ಹೊತ್ತು ಅದರ ಪಾಲಿಗೆ ಗಾಢ ನಿದ್ದೆಯ ಹೊತ್ತು. ಬೆಚ್ಚಿಬಿದ್ದ ಹ್ಯಾಮ್‌ಸ್ಟರ್ ಕಚ್ಚುತ್ತದೆ, ಮಗು ಕೈ ಕೊಡವುತ್ತದೆ, ಪ್ರಾಣಿ ನೆಲಕ್ಕೆ ಬೀಳುತ್ತದೆ. ಕಾಲು ಮುರಿದ ಹ್ಯಾಮ್‌ಸ್ಟರ್‌ಗಳು ನಮ್ಮಲ್ಲಿಗೆ ಬರುವುದು ಬಹುಪಾಲು ಈ ದಾರಿಯಲ್ಲಿ. ಮಗು ಮಲಗಿದ ಮೇಲೆ ಅದು ಎದ್ದು ಬೆಳಗಿನವರೆಗೂ ಚಕ್ರ ತಿರುಗಿಸುತ್ತದೆ, ಆ ಸದ್ದನ್ನು ಕೇಳುವವರು ನೀವು. ಸಿರಿಯನ್ ಹ್ಯಾಮ್‌ಸ್ಟರ್ ಎಂಬ ದೊಡ್ಡ ಜಾತಿಯದು ಒಂಟಿಜೀವಿ. 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿ ನೆಲದೊಳಗಿನ ಬಿಲದಿಂದ ಅಗೆದು ತೆಗೆದ ಒಂದು ಸಂಸಾರದಿಂದಲೇ ಇಂದಿನ ಸಾಕು ತಳಿ ಬಹುಮಟ್ಟಿಗೆ ಬೆಳೆದು ಬಂದಿದೆಯಾದರೂ, ಮರುಭೂಮಿಯಂಚಿನ ಆ ಒಂಟಿ ಸ್ವಭಾವ ಅದರಿಂದ ಹೋಗಿಲ್ಲ. ಜೊತೆಗಿರಲೆಂದು ಎರಡನ್ನು ಒಂದೇ ಗೂಡಿನಲ್ಲಿಟ್ಟರೆ, ಬೆಳೆದ ಮೇಲೆ ಒಂದು ಇನ್ನೊಂದನ್ನು ಕೊಂದೂ ಬಿಡಬಹುದು. ಆಯುಷ್ಯ 2ರಿಂದ 3 ವರ್ಷ. ಸದ್ದಿಲ್ಲದೆ ಇರುಳು ಕೂತು ನೋಡುವ ದೊಡ್ಡವರಿಗೆ ಅದು ಸೊಗಸಾದ ಪ್ರಾಣಿ. ಒಂಬತ್ತರ ಮಗುವಿಗೆ ಅದನ್ನು ನಾನು ಹೇಳುವುದಿಲ್ಲ.

ಮೊಲ ಅಪ್ಪಿಕೊಳ್ಳಲೆಂದೇ ಹುಟ್ಟಿದಂತೆ ಕಾಣುತ್ತದೆ. ಆದರೆ ಅದು ಬೇಟೆಗೆ ಬಲಿಯಾಗುವ ಜೀವಿ, ನೆಲದಿಂದ ಮೇಲೆತ್ತುವುದೆಂದರೆ ಅದರ ಲೆಕ್ಕದಲ್ಲಿ ಹದ್ದಿನ ಕಾಲಿಗೆ ಸಿಕ್ಕಿದಂತೆ. ಬಿಡಿಸಿಕೊಳ್ಳಲು ಹಿಂಗಾಲಿನಿಂದ ಒದೆಯುವ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಲ್ಲದು. ಜೊತೆಗೆ, ಮೊಲ ಹನ್ನೆರಡು ತಾಸು ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದನ್ನು ತುರ್ತು ಸ್ಥಿತಿಯೆಂದೇ ಎಣಿಸಬೇಕು, ನಾಳೆ ನೋಡಿದರಾಯಿತು ಎನ್ನುವಂತಿಲ್ಲ. ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ಹೆಚ್ಚಾದ್ದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಮೊಲ ಇಡೀ ಮನೆಯ ಪ್ರಾಣಿ, ಮಗುವಿನ ಪ್ರಾಣಿಯಲ್ಲ.

ನಿಮ್ಮ ಮಗಳು ಕೊನೆಗೆ ಬಂದು ನಿಂತಿರುವ ಗಿನಿಪಿಗ್ ಈ ಮೂರರಲ್ಲಿ ಮಕ್ಕಳ ದಿನಚರಿಗೆ ಹೆಚ್ಚು ಹೊಂದುವಂಥದು. ಹಗಲಿನಲ್ಲೂ ಎಚ್ಚರವಿರುತ್ತದೆ, ಕಚ್ಚುವುದು ಅಪರೂಪ, ಹೆದರಿದರೆ ಅಲುಗಾಡದೆ ಕೂರುತ್ತದೆ ಇಲ್ಲವೇ ಅವಿತುಕೊಳ್ಳುತ್ತದೆ, ಮೇವಿನ ಸದ್ದು ಕೇಳಿದರೆ ಸಿಳ್ಳೆ ಹಾಕಿ ಕರೆಯುತ್ತದೆ. ಆದರೆ ಅದಕ್ಕೊಂದು ವಿಶೇಷ ಕೊರತೆಯಿದೆ: ನಮ್ಮಂತೆಯೇ ಅದರ ದೇಹವೂ ‘ಸಿ’ ಜೀವಸತ್ವವನ್ನು ತಾನಾಗಿ ತಯಾರಿಸಿಕೊಳ್ಳಲಾರದು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 10ರಿಂದ 30 ಮಿಲಿಗ್ರಾಂ ಆಹಾರದಿಂದಲೇ ಸಿಗಬೇಕು. ಸಿಗದಿದ್ದರೆ ಕೆಲವೇ ವಾರಗಳಲ್ಲಿ ಕೀಲುಗಳು ಊದಿಕೊಂಡು, ಒಸಡು ಕೆಟ್ಟು, ಪ್ರಾಣಿ ನಡೆಯಲಾಗದೆ ಮುದುಡಿ ಕೂರುತ್ತದೆ. ನೀರಿಗೆ ಬೆರೆಸುವ ಹನಿಗಳನ್ನು ನಂಬಬೇಡಿ, ನೀರಿನಲ್ಲಿ ಆ ಜೀವಸತ್ವ ಬೇಗನೆ ಹಾಳಾಗುತ್ತದೆ. ದಿನವೂ ಒಂದು ತುಂಡು ದೊಣ್ಣೆ ಮೆಣಸಿನಕಾಯಿ ಕೊಡುವುದು ಅದಕ್ಕಿಂತ ಎಷ್ಟೋ ಮೇಲು. ಉಳಿದಂತೆ ಅದರ ಆಹಾರದ ಬಹುಭಾಗ ಒಣಹುಲ್ಲೇ ಆಗಿರಬೇಕು, ಅದು ಇರುಳು ಹಗಲು ಗೂಡಿನಲ್ಲಿ ಖಾಲಿಯಾಗದಂತೆ ಇರಬೇಕು. ಜೀವನಪೂರ್ತಿ ಬೆಳೆಯುತ್ತಲೇ ಇರುವ ಹಲ್ಲುಗಳು ಸವೆಯುವುದು ಹುಲ್ಲು ಅಗಿಯುವುದರಿಂದ. ಬರೀ ಕಾಳು, ಕ್ಯಾರೆಟ್ ತಿಂದು ಬೆಳೆದವುಗಳ ದವಡೆಯ ಹಲ್ಲುಗಳು ನಾಲಿಗೆಯ ಮೇಲೆ ಸೇತುವೆಯಂತೆ ಬಾಗಿ ಬೆಳೆದು, ಮುಂದೆ ಮೇವಿದ್ದರೂ ತಿನ್ನಲಾಗದೆ ಸೊರಗುತ್ತವೆ.

ಸರಳಜೀವಿ:

ಇಷ್ಟೆಲ್ಲ ರಾಮಾಯಣವೇಕೆ? ಒಂದು ಗಾಜಿನ ಬೋಗುಣಿಯಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟುಕೊಡಿ. ಕೂದಲಿಲ್ಲ, ಸದ್ದಿಲ್ಲ, ವಾಸನೆಯಿಲ್ಲ. ಮಗುವಿಗೂ ಸಮಾಧಾನ, ಅಪ್ಪನಿಗೂ ನೆಮ್ಮದಿ.

ತಿಳಿನೀರು:

ಸರಳಜೀವಿಯವರು ಸಿಟ್ಟಾಗಬಾರದು, ಆದರೆ ಈ ಸಲಹೆಯಿಂದ ಸತ್ತಷ್ಟು ಮೀನುಗಳು ಬೇರೆ ಯಾವ ಸಲಹೆಯಿಂದಲೂ ಸತ್ತಿರಲಾರವು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೀನಿನ ಕಿವಿರಿನಿಂದಲೂ ಮಲದಿಂದಲೂ ಅಮೋನಿಯ ನೀರಿಗೆ ಸೇರುತ್ತದೆ, ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸಿದ ಮೇಲಷ್ಟೇ ನೀರು ತಕ್ಕಮಟ್ಟಿಗೆ ನಿರಪಾಯವಾಗುತ್ತದೆ. ಈ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯ ಶೋಧಕದಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಶೋಧಕವೇ ಇಲ್ಲದ ಬೋಗುಣಿಯಲ್ಲಿ ಅವುಗಳಿಗೆ ನೆಲೆಯೆಲ್ಲಿ? ನೀರು ಕನ್ನಡಿಯಂತೆ ತಿಳಿಯಾಗಿ ಕಾಣುತ್ತಿರುವಾಗಲೇ ಮೀನು ಉಸಿರುಗಟ್ಟುತ್ತಿರುತ್ತದೆ. ಗೋಲ್ಡ್‌ಫಿಶ್ ಸರಿಯಾದ ತೊಟ್ಟಿಯಲ್ಲಿ ಹತ್ತು ವರ್ಷ ದಾಟಿ ಬದುಕುವ, ಗೇಣುದ್ದ ಬೆಳೆಯಬಲ್ಲ ಮೀನು. ಬೋಗುಣಿಯಲ್ಲಿ ಅದು ಕೆಲವು ತಿಂಗಳು ಬದುಕಿದರೆ ಹೆಚ್ಚು.

ಮೀನು ಬೇಡವೆಂದು ನಾನು ಹೇಳುತ್ತಿಲ್ಲ. ಶೋಧಕವಿರುವ ದೊಡ್ಡ ತೊಟ್ಟಿಯನ್ನು ಮೊದಲು ಅಣಿಗೊಳಿಸಿ, ಪ್ರತಿ ವಾರ ನೀರಿನ ಒಂದು ಪಾಲು ಬದಲಿಸುವ, ಕ್ಲೋರಿನ್ ತೆಗೆದು ನೀರು ಹಾಕುವ ತಾಳ್ಮೆ ಅಪ್ಪನಿಗಿದ್ದರೆ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಆದರೆ ಮುಟ್ಟಿ ಮುದ್ದಿಸಬೇಕೆಂದು ಕಾತರಿಸುವ ಮಗುವಿಗೆ ಮೀನು ಕೊಟ್ಟರೆ ಅವಳು ಕೇಳಿದ್ದನ್ನು ಕೊಟ್ಟಂತಾಗುವುದಿಲ್ಲ.

ಒಲ್ಲದ ಅಪ್ಪ:

ಎಲ್ಲರಿಗೂ ಕೃತಜ್ಞತೆಗಳು. ಹ್ಯಾಮ್‌ಸ್ಟರ್ ಮತ್ತು ಮೊಲದ ಮಾತು ಇಲ್ಲಿಗೆ ಮುಗಿಯಿತೆಂದು ಭಾವಿಸುತ್ತೇನೆ. ಇನ್ನು ನನ್ನ ಸಂದೇಹಗಳು ಇಷ್ಟು. ಒಂದೇ ಗಿನಿಪಿಗ್ ತಂದರೆ ಕೆಲಸ ಅರ್ಧವಾಗುವುದಲ್ಲವೇ, ಎರಡೇ ಏಕೆ ಬೇಕು? ವಾಸನೆ ನಿಜಕ್ಕೂ ಎಷ್ಟಿರುತ್ತದೆ? ಉಬ್ಬಸದ ಮಗುವಿರುವ ಮನೆಗೆ ಇವು ತಕ್ಕವೇ?

ಮೊಲದಮ್ಮ:

ಹೆಸರು ಮೊಲದ್ದಾದರೂ ನನ್ನ ಮನೆಯಲ್ಲಿ ಗಿನಿಪಿಗ್‌ಗಳೂ ಇವೆ, ಬೇರೆ ಬೇರೆ ಗೂಡುಗಳಲ್ಲಿ. ಎರಡನ್ನೂ ಒಟ್ಟಿಗಿಡುವವರಿದ್ದಾರೆ, ಇಡಬಾರದು, ಮೊಲದ ಒದೆತ ಗಿನಿಪಿಗ್‌ಗೆ ತಾಳದು, ಮೊಲಗಳಲ್ಲಿ ಸುಮ್ಮನಿರುವ ಒಂದು ಬ್ಯಾಕ್ಟೀರಿಯಾ ಗಿನಿಪಿಗ್‌ಗಳಿಗೆ ನ್ಯುಮೋನಿಯಾ ತರುತ್ತದೆ.

ಒಂದೋ ಎರಡೋ ಎಂಬುದಕ್ಕೆ ಉತ್ತರ ಎರಡೇ. ಗುಂಪಿನಲ್ಲಿ ಬಾಳುವ ಪ್ರಾಣಿಯದು, ದಿನವಿಡೀ ಒಂದಕ್ಕೊಂದು ಗೊಣಗುಟ್ಟಿಕೊಂಡೇ ಇರುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಒಂಟಿ ಗಿನಿಪಿಗ್ ಸಾಕುವುದನ್ನು ಕಾನೂನೇ ತಡೆದಿದೆ ಎಂದರೆ ವಿಷಯದ ತೂಕ ತಿಳಿಯುತ್ತದೆ. ಮಗು ಶಾಲೆಗೆ ಹೋದ ಹೊತ್ತಿನಲ್ಲಿ ಅದರ ಜೊತೆಗಾರ್ತಿಯಾಗಿ ನೀವಂತೂ ಗೂಡಿನಲ್ಲಿ ಕೂರಲಾರಿರಿ. ಕೆಲಸ ಇಮ್ಮಡಿಯಾಗುತ್ತದೆಂಬ ಭಯವೂ ಬೇಡ. ಒಂದೇ ಗೂಡು, ಒಂದೇ ಗುಡಿಸಾಟ, ಒಂದು ಹಿಡಿ ಹುಲ್ಲು ಹೆಚ್ಚು.

ವಾಸನೆ ಬರುವುದು ಪ್ರಾಣಿಯಿಂದಲ್ಲ, ನೆನೆದ ಹಾಸಿನಿಂದ. ಅಂಗಡಿಗಳಲ್ಲಿ ಕಾಣುವ ಪುಟ್ಟ ಪಂಜರದಲ್ಲಿ ಎರಡು ಗಿನಿಪಿಗ್ ಇಟ್ಟರೆ ಎಷ್ಟು ಗುಡಿಸಿದರೂ ನಾರುತ್ತದೆ. ಎರಡಕ್ಕೆ ಕನಿಷ್ಠ 7.5 ಚದರ ಅಡಿ ನೆಲ ಬೇಕು, ಹೆಚ್ಚಿದ್ದರೆ ಒಳ್ಳೆಯದು. ಗೂಡಿಗೆ ಎತ್ತರ ಮುಖ್ಯವಲ್ಲ, ಹರವು ಮುಖ್ಯ. ಅವು ಮೂತ್ರ ಮಾಡುವ ಮೂಲೆ ಬಹುತೇಕ ನಿಗದಿಯಾಗಿರುತ್ತದೆ, ಆ ಮೂಲೆಯ ಹಾಸನ್ನು ದಿನವೂ ತೆಗೆದು, ವಾರಕ್ಕೊಮ್ಮೆ ಇಡೀ ಗೂಡು ಬದಲಿಸಿದರೆ ಬಂದವರಿಗೆ ಹುಲ್ಲಿನ ವಾಸನೆ ಬಿಟ್ಟು ಬೇರೇನೂ ತಿಳಿಯದು. ದೇವದಾರು, ಪೈನ್ ಮರದ ಘಮಘಮಿಸುವ ಹೊಟ್ಟನ್ನು ಹಾಸಬೇಡಿ. ನಮ್ಮ ಮೂಗಿಗೆ ಹಿತವಾದ ಆ ಘಮವೇ ಅವುಗಳ ಶ್ವಾಸನಾಳಕ್ಕೆ ಕಿರಿಕಿರಿ.

ಪಶುವೈದ್ಯೆ:

ಉಬ್ಬಸದ ಪ್ರಶ್ನೆ ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು, ಅದನ್ನು ಮಗನ ವೈದ್ಯರಲ್ಲಿ ಕೇಳದೆ ಮುಂದುವರಿಯಬೇಡಿ. ಅಲರ್ಜಿ ಉಂಟುಮಾಡುವ ಪ್ರೋಟೀನುಗಳು ಕೂದಲಿಗಿಂತ ಹೆಚ್ಚಾಗಿ ಪ್ರಾಣಿಯ ಮೂತ್ರ, ಜೊಲ್ಲು, ಚರ್ಮದ ಹೊಟ್ಟಿನಲ್ಲಿರುತ್ತವೆ. ಪ್ರಾಣಿಗೆ ಅಲರ್ಜಿಯಿಲ್ಲದವರಿಗೂ ಒಣಹುಲ್ಲಿನ ದೂಳು ತೊಂದರೆ ಕೊಡುವುದುಂಟು. ತರುವ ಮೊದಲೇ ಗಿನಿಪಿಗ್ ಇರುವ ಮನೆಯಲ್ಲಿ ಮಗನೊಂದಿಗೆ ಕೆಲವು ತಾಸು ಕಳೆದು ನೋಡುವುದು ಒಳ್ಳೆಯದು. ತಂದ ಮೇಲೆ ತಿಳಿದರೆ ಮಗಳೂ ನೊಂದುಕೊಳ್ಳುತ್ತಾಳೆ, ಪ್ರಾಣಿಗಳೂ ಮನೆ ಕಳೆದುಕೊಳ್ಳುತ್ತವೆ.

ಮೂರು ವರ್ಷದ ಮಗುವನ್ನು ಪ್ರಾಣಿಗಳೊಂದಿಗೆ ಒಂಟಿಯಾಗಿ ಬಿಡುವಂತಿಲ್ಲ, ಯಾವತ್ತೂ. ಎತ್ತಿಕೊಳ್ಳುವ ಅಧಿಕಾರ ಮಗಳಿಗೆ, ಅವಳೂ ನೆಲದ ಮೇಲೆ ಕುಳಿತೇ ಎತ್ತಿಕೊಳ್ಳಬೇಕು: ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗದಡಿ. ನಿಂತು ಎತ್ತಿಕೊಂಡ ಮಗುವಿನ ಕೈಯಿಂದ ಜಾರುವ ಗಿನಿಪಿಗ್‌ಗೆ ಬೆಕ್ಕಿನಂತೆ ಕಾಲೂರಿ ಇಳಿಯಲು ಬಾರದು. ಮುಟ್ಟಿದ ಮೇಲೆ ಇಬ್ಬರೂ ಸೋಪಿನಿಂದ ಕೈ ತೊಳೆಯಬೇಕು. ಹುಳುಕಡ್ಡಿಯಂಥ ಚರ್ಮದ ಸೋಂಕು ಪ್ರಾಣಿಯಿಂದ ಮಗುವಿಗೆ ದಾಟಬಲ್ಲದು.

ಕೆಲವರು ಇಂಥ ಮನೆಗಳಲ್ಲಿ ರೋಮವಿಲ್ಲದ ಪ್ರಾಣಿಯೇ ಲೇಸೆಂದು ಪುಟ್ಟ ಆಮೆ ತರಲು ಹೋಗುತ್ತಾರೆ. ಆಮೆಗಳು ನೋಡಲು ಆರೋಗ್ಯವಾಗಿದ್ದೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಹೊತ್ತಿರುತ್ತವೆ, ಚಿಕ್ಕ ಮಕ್ಕಳು ಅವನ್ನು ಬಾಯಿಗೇ ಇಟ್ಟುಕೊಳ್ಳುತ್ತಾರೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು 1975ರಲ್ಲೇ ನಿಷೇಧಿಸಲಾಯಿತು. ಐದು ವರ್ಷದೊಳಗಿನ ಮಗುವಿರುವ ಮನೆಗೆ ಆಮೆ, ಹಲ್ಲಿ, ಕಪ್ಪೆಗಳ ಯೋಚನೆಯೇ ಬೇಡ.

ಬಯಲು:

ಇಷ್ಟು ಹೊತ್ತು ಓದಿದ ಮೇಲೆ ಕೇಳಲೇಬೇಕೆನಿಸಿತು. ಪ್ರಾಣಿಗೆ ಹರವಾದ ಗೂಡು ಬೇಕು, ಜೊತೆ ಬೇಕು, ಕೈಗೆತ್ತಿದರೆ ಹೆದರುತ್ತದೆ ಎಂದು ನೀವೇ ಬರೆಯುತ್ತಿದ್ದೀರಿ. ಹಾಗಿದ್ದ ಮೇಲೆ ಅದನ್ನು ಗೂಡಿನಲ್ಲಿಡುವುದೇ ಏಕೆ? ಮಗುವಿನ ಆಸೆ ತೀರಿಸಲು ಇನ್ನೊಂದು ಜೀವವನ್ನು ಆಟಿಕೆ ಮಾಡುವುದನ್ನು ಕರುಣೆಯ ಶಿಕ್ಷಣವೆಂದು ಕರೆಯಲು ನನಗೆ ಮನಸ್ಸು ಬರುತ್ತಿಲ್ಲ. ಕೊಳ್ಳುವವರಿರುವವರೆಗೆ ಇಕ್ಕಟ್ಟಾದ ಪಂಜರಗಳಲ್ಲಿ ಮರಿ ಹಾಕಿಸುವವರೂ ಇರುತ್ತಾರೆ. ಒಲ್ಲದ ಅಪ್ಪನವರ ಮೊದಲ ‘ಬೇಡ’ವೇ ಸರಿಯಾಗಿತ್ತು.

ಹಳೆಯ ಕೈ:

ಬಯಲು ಅವರ ಮಾತಿನ ಎರಡನೆಯ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ, ಮೊದಲನೆಯ ಅರ್ಧವನ್ನು ಒಪ್ಪಲಾರೆ. ಗಿನಿಪಿಗ್‌ಗಳು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದ ಜನರ ಬಳಿ ಸಾವಿರಾರು ವರ್ಷಗಳಿಂದ ಸಾಕಣೆಯಲ್ಲೇ ಬೆಳೆದು ಬಂದವು; ಇಂದಿನ ಸಾಕು ತಳಿಯನ್ನು ಬಯಲಿಗೆ ಬಿಟ್ಟರೆ ಅದು ಸ್ವಾತಂತ್ರ್ಯವಾಗುವುದಿಲ್ಲ, ನಾಯಿಯ ಬಾಯಿಗೆ ಬೀಳುತ್ತದೆ. ಆದರೆ ಕೊಳ್ಳುವುದರಿಂದಲೇ ಮರಿ ಹಾಕಿಸುವ ದಂಧೆ ನಡೆಯುತ್ತದೆ ಎಂಬುದು ಸತ್ಯ. ಅದಕ್ಕಿರುವ ದಾರಿ, ಬೇರೆ ಮಕ್ಕಳ ಹುರುಪು ಇಳಿದ ಮೇಲೆ ಮನೆ ಕಳೆದುಕೊಂಡಿರುವ ಬೆಳೆದ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವುದು. ಅಂಥವುಗಳಿಗೆ ಕೊರತೆಯೇ ಇಲ್ಲ, ಮತ್ತು ಅವುಗಳ ಸಂಖ್ಯೆಯೇ ಕರಾರು ಪತ್ರಗಳ ಬೆಲೆಯನ್ನು ಹೇಳುತ್ತದೆ.

ಪಶುವೈದ್ಯೆ:

ದತ್ತು ತೆಗೆದುಕೊಳ್ಳುವುದರಿಂದ ಇನ್ನೊಂದು ಲಾಭವಿದೆ. ಗಿನಿಪಿಗ್ ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವಾಗ ಮಾರುವವರೂ ಎಡವುತ್ತಾರೆ. ಎರಡೂ ಹೆಣ್ಣೆಂದು ತಂದು, ಎರಡು ತಿಂಗಳು ಕಳೆದ ಮೇಲೆ ಬೆಳಗಾಗೆದ್ದು ನೋಡಿದರೆ ಗೂಡಿನಲ್ಲಿ ಕಣ್ಣು ಬಿಟ್ಟು, ಮೈತುಂಬ ರೋಮ ಹೊತ್ತು ಓಡಾಡುವ ಮರಿಗಳಿರುತ್ತವೆ. ಇದು ನಗುವ ವಿಷಯವಲ್ಲ. ಗರ್ಭಾವಧಿ 59ರಿಂದ 72 ದಿನ, ಹೆತ್ತ ಕೆಲವೇ ತಾಸುಗಳಲ್ಲಿ ಹೆಣ್ಣು ಮತ್ತೆ ಗರ್ಭ ಕಟ್ಟಬಲ್ಲದು. ಮೊದಲ ಹೆರಿಗೆ ಏಳೆಂಟು ತಿಂಗಳ ವಯಸ್ಸನ್ನು ದಾಟಿ ಬಂದರೆ, ಆ ವೇಳೆಗೆ ಸೊಂಟದ ಮೂಳೆಗಳ ಕೂಡು ಬಿಗಿದುಕೊಂಡಿರುವುದರಿಂದ ತಾಯಿಯ ಜೀವಕ್ಕೇ ಅಪಾಯ. ಬೆಳೆದ ಪ್ರಾಣಿಗಳಲ್ಲಿ ಲಿಂಗ ಖಚಿತ, ಅವೆರಡೂ ಒಂದಕ್ಕೊಂದು ಹೊಂದಿಕೊಂಡಿವೆಯೇ ಎಂಬುದೂ ಗೊತ್ತಿರುತ್ತದೆ.

ಶಾಲೆಮೇಷ್ಟ್ರು:

ಮಕ್ಕಳ ಕಡೆಯಿಂದ ಎರಡು ಮಾತು. ಹೊಣೆಗಾರಿಕೆ ಕಲಿಸಲೆಂದು ಪ್ರಾಣಿ ತರುವವರು ಪೂರ್ತಿ ಹೊಣೆಯನ್ನು ಮಗುವಿನ ತಲೆಗೆ ಹೊರಿಸಿ, ತಾವು ತನಿಖಾಧಿಕಾರಿಗಳಾಗಿ ನಿಲ್ಲುತ್ತಾರೆ. ಒಂಬತ್ತರ ಮಗುವಿಗೆ ನಿಭಾಯಿಸಬಲ್ಲ ಕೆಲಸಗಳಿವೆ: ಸಂಜೆ ತರಕಾರಿ ಕೊಡುವುದು, ನೀರಿನ ಬಾಟಲಿ ತುಂಬುವುದು, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡುವುದು. ಇಡೀ ಗೂಡು ಬದಲಿಸುವುದು ದೊಡ್ಡವರ ಜೊತೆಗೂಡಿ ಮಾಡುವ ಕೆಲಸ. ನಾನು ಕಂಡಂತೆ, ಜೊತೆಗೆ ಮಾಡುವ ಕೆಲಸವನ್ನು ಮಕ್ಕಳು ವರ್ಷಗಟ್ಟಲೆ ಮಾಡುತ್ತಾರೆ. ಒಂಟಿಯಾಗಿ ಮಾಡಬೇಕಾದ್ದನ್ನು ಬೇಗ ಕೈಬಿಡುತ್ತಾರೆ. ದಿನವೂ ಬೆಳಗ್ಗೆ ‘ಹಾಕಿದೆಯಾ?’ ಎಂದು ಕೇಳುವುದರ ಬದಲು ಗೂಡನ್ನು ಮನೆಯವರೆಲ್ಲ ಓಡಾಡುವ ಕೋಣೆಯಲ್ಲಿಡಿ, ಹಾಕಿದ್ದೂ ಹಾಕದಿದ್ದದ್ದೂ ಕಣ್ಣಿಗೇ ಬೀಳುತ್ತದೆ.

ಇನ್ನೊಂದು ಮಾತು ಸಾವಿನದು. ಯಾರೂ ಇಲ್ಲಿಯವರೆಗೆ ಅದನ್ನು ಎತ್ತಲಿಲ್ಲ, ಆದರೆ ಬಹಳ ತಂದೆತಾಯಂದಿರ ನಿರಾಕರಣೆಯ ಹಿಂದೆ ಇರುವುದು ಅದೇ ಎಂದು ನನ್ನ ಅನುಮಾನ: ಮಗುವಿನ ದುಃಖವನ್ನು ನೋಡಲಾರೆವೆಂಬ ಅಳುಕು. ಒಂಬತ್ತರ ಮಗುವಿಗೆ ಸತ್ತದ್ದು ಮರಳಿ ಬಾರದೆಂಬುದು ತಿಳಿದಿರುತ್ತದೆ. ಮೂರರ ಮಗುವಿಗೆ ತಿಳಿದಿರುವುದಿಲ್ಲ, ಅವನು ಮರುದಿನವೂ ಅದೆಲ್ಲಿ ಎಂದು ಕೇಳುತ್ತಾನೆ. ‘ಮಲಗಿದೆ’ ಎನ್ನಬೇಡಿ, ಮಲಗಲು ಹೆದರುವ ಮಕ್ಕಳನ್ನು ಕಂಡಿದ್ದೇನೆ. ‘ಸತ್ತುಹೋಯಿತು’ ಎಂದೇ ಹೇಳಿ. ಅದೇ ಬಣ್ಣದ ಇನ್ನೊಂದನ್ನು ರಾತ್ರೋರಾತ್ರಿ ತಂದಿಟ್ಟು ಮಗುವನ್ನು ನಂಬಿಸುವ ಜಾಣತನವೂ ಬೇಡ.

ನಿಮಗೆ ಒಂದು ಸಲಹೆ: ಪರಿಚಯದವರು ಊರಿಗೆ ಹೋಗುವಾಗ ಅವರ ಗಿನಿಪಿಗ್‌ಗಳನ್ನು ಕೆಲವು ದಿನ ನಿಮ್ಮ ಮನೆಯಲ್ಲಿಟ್ಟುಕೊಳ್ಳಿ. ಉಬ್ಬಸ, ವಾಸನೆ, ಕರಾರು ಪತ್ರ, ಎಲ್ಲಕ್ಕೂ ಅದರಲ್ಲೇ ಉತ್ತರ ಸಿಗುತ್ತದೆ.

ಒಲ್ಲದ ಅಪ್ಪ:

ಮೇಷ್ಟ್ರ ಸಲಹೆಯಂತೆ, ಮಗನ ವೈದ್ಯರ ಒಪ್ಪಿಗೆ ಪಡೆದು, ನನ್ನ ಸಹೋದ್ಯೋಗಿಯೊಬ್ಬರ ಎರಡು ಗಿನಿಪಿಗ್‌ಗಳನ್ನು ಅವರು ರಜೆಯಲ್ಲಿದ್ದಷ್ಟು ಕಾಲ ಇಟ್ಟುಕೊಂಡಿದ್ದೆವು. ಕಂಡದ್ದನ್ನು ಹೇಳುತ್ತೇನೆ. ಮಗಳು ತರಕಾರಿ ಹಾಕುವುದನ್ನು ಒಮ್ಮೆಯೂ ಮರೆಯಲಿಲ್ಲ, ನೀರಿನ ಬಾಟಲಿಯನ್ನು ಕೆಲವೊಮ್ಮೆ ಮರೆತಳು, ಒದ್ದೆ ಹಾಸು ತೆಗೆಯುವ ಸಮಯಕ್ಕೆ ಸರಿಯಾಗಿ ಅವಳಿಗೆ ಮನೆಪಾಠ ನೆನಪಾಗುತ್ತಿತ್ತು. ನಾನು ಬುಟ್ಟಿ ಹಿಡಿದು ಗೂಡಿನ ಬಳಿ ಕುಳಿತರೆ ಮಾತ್ರ ತಾನೂ ಬಂದು ಕೂರುತ್ತಿದ್ದಳು. ಮಗ ಪ್ರಾಣಿಗಳ ಹತ್ತಿರವಿದ್ದಾಗ ಏನೂ ಆಗಲಿಲ್ಲ. ಆದರೆ ಕೋಣೆಯೊಳಗೆ ಹುಲ್ಲು ಕೊಡವಿದಾಗ ಸೀನತೊಡಗಿದ. ಆಮೇಲೆ ಹುಲ್ಲನ್ನು ಹೊರಗೆ ಕೊಡವಿ, ದೂಳು ಹೋದ ಮೇಲೆ ಒಳಗೆ ತರತೊಡಗಿದೆವು, ಸೀನು ನಿಂತಿತು.

ಒದ್ದೆ ಹಾಸಿನ ಕೆಲಸ ನನ್ನದೇ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಒಪ್ಪಿದ್ದೇನೆ, ಮಗಳಿಗೂ ಹಾಗೆಂದೇ ಹೇಳಿದ್ದೇನೆ: ಪ್ರಾಣಿಗಳು ಮನೆಯವು, ತರಕಾರಿ, ನೀರು, ತೂಕ ಅವಳದು, ಗೂಡು ನನ್ನದು ಮತ್ತು ಅವಳದು, ನಾವೆಲ್ಲರೂ ಊರಲ್ಲಿಲ್ಲದಾಗ ನೋಡಿಕೊಳ್ಳಲು ಅದೇ ಸಹೋದ್ಯೋಗಿ ಒಪ್ಪಿದ್ದಾರೆ. ಬಯಲು ಅವರ ಆಕ್ಷೇಪ ಮನಸ್ಸಿನಲ್ಲಿ ಉಳಿದದ್ದರಿಂದ ಮರಿಗಳನ್ನು ಕೊಳ್ಳುವ ಯೋಚನೆ ಬಿಟ್ಟೆವು. ಮನೆ ಬದಲಿಸುತ್ತಿರುವ ಕುಟುಂಬವೊಂದರ ಎರಡು ಬೆಳೆದ ಹೆಣ್ಣು ಗಿನಿಪಿಗ್‌ಗಳು ಮುಂದಿನ ವಾರ ಬರಲಿವೆ. ಗೂಡು ಸಿದ್ಧವಾಗಿದೆ. ಮೊದಲ ಕೆಲವು ದಿನ ಏನನ್ನು ಗಮನಿಸಬೇಕು?

ಬಯಲು:

ದತ್ತು ಎಂದಾದರೆ ನನ್ನ ತಕರಾರಿಲ್ಲ. ಅಡಗಿ ಕೂರಲು ಎರಡು ಮನೆಗಳನ್ನಿಡಿ, ಒಂದೊಂದಕ್ಕೂ ಎರಡು ಬಾಗಿಲಿರಲಿ. ಒಂದೇ ಮನೆಯಿದ್ದರೆ ಜೋರಿನದು ಒಳಗೆ, ಪಾಪದ್ದು ಹೊರಗೆ.

ಪಶುವೈದ್ಯೆ:

ಗೂಡನ್ನು ನೇರ ಬಿಸಿಲು, ಗಾಳಿಯ ಹೊಡೆತ, ಟಿವಿಯ ಸದ್ದು ಮೂರೂ ಇಲ್ಲದ ಕಡೆ ಇಡಿ. ಚಳಿಗಿಂತ ಸೆಖೆ ಅವುಗಳಿಗೆ ಹೆಚ್ಚು ಅಪಾಯ. ಅವು ಈವರೆಗೆ ತಿನ್ನುತ್ತಿದ್ದ ಮೇವನ್ನೇ ಸ್ವಲ್ಪ ಕೇಳಿ ತನ್ನಿ, ಹೊಸದನ್ನು ನಿಧಾನವಾಗಿ ಬೆರೆಸುತ್ತ ಹೋಗಿ. ಬಂದ ದಿನ ಯಾರೂ ಎತ್ತಿಕೊಳ್ಳಬಾರದು. ಮಗಳು ಗೂಡಿನ ಪಕ್ಕದಲ್ಲಿ ಕುಳಿತು ಓದಿಕೊಳ್ಳಲಿ, ಅವಾಗಿಯೇ ಹತ್ತಿರ ಬಂದು ಕೈಯಿಂದ ಸೊಪ್ಪು ಕಸಿದುಕೊಳ್ಳುವವರೆಗೆ ಕಾಯಲಿ. ಬೇಟೆಗೆ ಬಲಿಯಾಗುವ ಪ್ರಾಣಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ, ಆದ್ದರಿಂದ ನೋಟಕ್ಕಿಂತ ತೂಕ ಹೆಚ್ಚು ನಂಬಿಕೆಗೆ ತಕ್ಕದ್ದು. ಬಂದ ಮರುದಿನದ ತೂಕವನ್ನು ಬರೆದಿಟ್ಟು, ಪ್ರತಿ ವಾರ ಹೋಲಿಸಿ. ತೂಕ ಇಳಿಯುತ್ತಲೇ ಹೋದರೆ, ಹಿಕ್ಕೆ ಸಣ್ಣದಾದರೆ, ಅಥವಾ ತಿನ್ನುವುದನ್ನು ನಿಲ್ಲಿಸಿದರೆ ಆ ದಿನವೇ ಕರೆತನ್ನಿ. ಮನೆಯಲ್ಲಿ ಉಳಿದಿರುವ ಆಂಟಿಬಯೊಟಿಕ್ ಮಾತ್ರೆಯನ್ನು ಪುಡಿಮಾಡಿ ಕೊಡಬೇಡಿ. ಪೆನಿಸಿಲಿನ್, ಅಮಾಕ್ಸಿಸಿಲಿನ್‌ಗಳು ಹೊಟ್ಟೆಗೆ ಹೋದರೆ ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲ ಕೆಟ್ಟು ಗಿನಿಪಿಗ್ ಸಾಯಬಹುದು. ಉಗುರು ಕತ್ತರಿಸುವುದನ್ನು ಮೊದಲ ಸಲ ವೈದ್ಯರಲ್ಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿತುಕೊಳ್ಳಿ. ಕಪ್ಪು ಉಗುರಿನೊಳಗಿನ ರಕ್ತನಾಳ ಕಣ್ಣಿಗೆ ಕಾಣುವುದಿಲ್ಲ, ಉಗುರಿನ ಕೆಳಗಿನಿಂದ ಟಾರ್ಚು ಹಿಡಿದರೆ ಒಂದಿಷ್ಟು ಅಂದಾಜು ಸಿಗುತ್ತದೆ.